ಪರದೇಶದ ಶಸ್ತ್ರಚಿಕಿತ್ಸಾ ಶಿಬಿರಕ್ಕೆ ಸ್ವಯಂಸೇವಕರಾಗಿ ಹೋಗುವುದು ಹೇಗೆ?

ಪರದೇಶದ ಬಡ ರೋಗಿಗಳಿಗೆ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡುವ ತಂಡದೊಡನೆ ಹೋಗಬೇಕೆಂಬ ಆಸೆಯನ್ನು ಕೋಲಾರದ ಆಪರೇಷನ್ ಥಿಯೇಟರ್‌ಗಳಲ್ಲಿ ದುಡಿಯುವ ಕಿರಿಯ ವೈದ್ಯರು, ಶುಶ್ರೂಷಕಿಯರು ನನ್ನೊಡನೆ ಆಗಾಗ ಹೇಳಿಕೊಳ್ಳುತ್ತಾರೆ. ಅಗತ್ಯವೇನೋ ಬಹಳ ದೊಡ್ಡದು. ಸುರಕ್ಷಿತವೂ ಕೈಗೆಟುಕುವಂಥದೂ ಆದ ಶಸ್ತ್ರಚಿಕಿತ್ಸೆ ಜಗತ್ತಿನ ಸುಮಾರು 500 ಕೋಟಿ ಜನರಿಗೆ ಸಿಗುತ್ತಿಲ್ಲವೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2015ರಲ್ಲಿ ಲೆಕ್ಕ ಹಾಕಿತು. ಆದರೆ ಪೂರ್ವ ಆಫ್ರಿಕಾಕ್ಕೆ ಎರಡು ಬಾರಿ ಹೋಗಿ ಬಂದ ಥಿಯೇಟರ್ ಶುಶ್ರೂಷಕಿಯಾಗಿ ಒಂದು ಮಾತನ್ನು ಮೊದಲೇ ಹೇಳಬೇಕು: ತಂಡ ವಿಮಾನ ಹತ್ತಿದ ಮೇಲೆ ರೋಗಿಯ ಗಾಯವನ್ನು ಯಾರು ನೋಡುತ್ತಾರೆ ಎಂಬುದಕ್ಕೆ ಉತ್ತರವಿಲ್ಲದ ಶಿಬಿರಕ್ಕೆ ಹೋಗಬಾರದು.

ಮೊದಲು ನಿಮ್ಮ ಕೈಯನ್ನು ನೀವೇ ಪರೀಕ್ಷಿಸಿಕೊಳ್ಳಿ. ಇಲ್ಲಿ ಹಿರಿಯರ ನೆರವಿಲ್ಲದೆ ಮಾಡಲಾಗದ ಕೆಲಸವನ್ನು ಅಲ್ಲಿಯೂ ಮಾಡಬಾರದು. ಬಡ ರೋಗಿಯೆಂದರೆ ಕಲಿಯುವುದಕ್ಕೆ ಸಿಕ್ಕ ಅವಕಾಶವಲ್ಲ. ವೈದ್ಯರಾದರೆ ತರಬೇತಿ ಮುಗಿದ ಮೇಲೆ ಕೆಲವು ವರ್ಷ ಸ್ವತಂತ್ರವಾಗಿ ದುಡಿದಿರಬೇಕು. ಶುಶ್ರೂಷಕಿಯಾದರೆ, ಕರೆಂಟು ಹೋದಾಗಲೂ ಗಾಜ್ ಬಟ್ಟೆ ಮತ್ತು ಸೂಜಿಗಳ ಎಣಿಕೆ ತಪ್ಪದಷ್ಟು ಅಭ್ಯಾಸ ಇರಬೇಕು.

ಮುಂದಿನದು ಸಂಸ್ಥೆಯ ಆಯ್ಕೆ. 1971ರಲ್ಲಿ ಹುಟ್ಟಿದ ಗಡಿರಹಿತ ವೈದ್ಯರ ಸಂಸ್ಥೆಯು (ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್) ಯುದ್ಧ, ಸಾಂಕ್ರಾಮಿಕ ರೋಗಗಳ ನಡುವೆ ಕೆಲಸ ಮಾಡುತ್ತದೆ ಮತ್ತು ಹೋದವರಿಗೆ ಸಂಬಳ ಕೊಡುತ್ತದೆ. 1982ರಲ್ಲಿ ಫಿಲಿಪ್ಪೀನ್ಸ್ ಪ್ರವಾಸದಿಂದ ಆರಂಭವಾದ ಆಪರೇಷನ್ ಸ್ಮೈಲ್ ಸೀಳುತುಟಿ, ಸೀಳು ಅಂಗುಳಗಳಿಗೆ ಮೀಸಲು. ಮರ್ಸಿ ಶಿಪ್ಸ್ ಆಸ್ಪತ್ರೆಯನ್ನೇ ಹಡಗಿನಲ್ಲಿ ಒಯ್ಯುತ್ತದೆ. ಹೆಸರು ಎಷ್ಟೇ ದೊಡ್ಡದಾಗಿರಲಿ, ಅರ್ಜಿ ಹಾಕುವ ಮೊದಲು ಕೆಲವು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಆ ಊರಿನ ಯಾವ ಆಸ್ಪತ್ರೆ ನಿಮ್ಮನ್ನು ಕರೆದಿದೆ? ತೊಡಕಾದರೆ ಮರುಶಸ್ತ್ರಚಿಕಿತ್ಸೆ ಮಾಡುವವರು ಯಾರು, ಅದರ ವೆಚ್ಚ ಯಾರದು? ಅಲ್ಲಿನ ಸಿಬ್ಬಂದಿ ನಮ್ಮೊಡನೆ ಟೇಬಲ್ಲಿನ ಬಳಿ ನಿಲ್ಲುತ್ತಾರೋ, ಬಾಗಿಲ ಹೊರಗೆ ಕಾಯುತ್ತಾರೋ?

ನಾನು ಮೊದಲ ಸಲ ಈ ಪ್ರಶ್ನೆಗಳನ್ನು ಕೇಳದೆಯೇ ಒಂದು ಸಣ್ಣ ತಂಡದೊಡನೆ ಹೊರಟೆ. ನಾವು ಅಂಗುಳ ಹೊಲಿದ ಒಂದು ಮಗುವಿನ ಗಾಯ, ನಾವು ಮರಳಿದ ಎರಡನೆಯ ವಾರದಲ್ಲಿ ಬಾಯಿ ಬಿಟ್ಟಿತು. ಅಲ್ಲಿನ ಶುಶ್ರೂಷಕಿ ನನಗೆ ಫೋನ್ ಮಾಡಿ, ಕುಡಿಸಿದ ಹಾಲು ಮೂಗಿನಿಂದ ಬರುತ್ತಿದೆ, ಏನು ಮಾಡಲಿ ಎಂದು ಕೇಳಿದಳು. ಅದನ್ನು ಸರಿಪಡಿಸಬಲ್ಲ ಶಸ್ತ್ರವೈದ್ಯರು ಅವಳ ಸುತ್ತಮುತ್ತ ಯಾರೂ ಇರಲಿಲ್ಲ, ಕೋಲಾರದಲ್ಲಿ ಕುಳಿತ ನನ್ನ ಬಳಿ ಹೇಳುವಂಥ ಉತ್ತರವೂ ಇರಲಿಲ್ಲ. ಅಂಗುಳದ ಹೊಲಿಗೆಯಲ್ಲಿ ರಂಧ್ರ ಉಳಿಯುವುದು ನುರಿತ ಕೈಗಳಲ್ಲೂ ಆಗುತ್ತದೆ. ಆದ ಮೇಲೆ ನೋಡಿಕೊಳ್ಳುವ ಏರ್ಪಾಡು ಇಲ್ಲದಿದ್ದುದೇ ನಮ್ಮ ತಪ್ಪು.

ಕಾಗದಪತ್ರಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತು ಅಥವಾ ಶುಶ್ರೂಷಾ ಪರಿಷತ್ತಿನಿಂದ ನಿಮ್ಮ ನೋಂದಣಿ ಚಾಲ್ತಿಯಲ್ಲಿದೆ, ನಿಮ್ಮ ಮೇಲೆ ದೂರುಗಳಿಲ್ಲ ಎಂಬ ಪ್ರಮಾಣಪತ್ರ ಬೇಕು. ಹೋಗುವ ದೇಶದ ವೈದ್ಯಕೀಯ ಮಂಡಳಿಯಿಂದ ತಾತ್ಕಾಲಿಕ ಪರವಾನಗಿಯೂ ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಚಾಕು ಹಿಡಿಯೋಣ ಎನ್ನುವ ಸಂಸ್ಥೆಯಿಂದ ದೂರವಿರಿ.

ಲಸಿಕೆಗಳ ವಿಷಯದಲ್ಲಿ ಹೆಪಟೈಟಿಸ್ ಬಿ ಮೊದಲು ಬರುತ್ತದೆ. ಅದರ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು, ಆ ಮೇಲೆ ರಕ್ತ ಪರೀಕ್ಷಿಸಿ ರಕ್ಷಣೆ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹಳದಿ ಜ್ವರವಿರುವ ದೇಶಕ್ಕಾದರೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಕನಿಷ್ಠ 10 ದಿನ ಮೊದಲೇ ಲಸಿಕೆ ಹಾಕಿಸಿಕೊಳ್ಳಿ. ಆ ಪ್ರಮಾಣಪತ್ರ ಈಗ ಜೀವನಪರ್ಯಂತ ನಡೆಯುತ್ತದೆ; ಆದರೆ ಅದಿಲ್ಲದೆ ಮರಳಿದವರನ್ನು ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ರೋಗಿಗೆ ಬಳಸಿದ ಸೂಜಿ ನಿಮಗೆ ಚುಚ್ಚಿಕೊಂಡರೆ ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಗಳೊಳಗೆ, ಆದಷ್ಟು ಬೇಗ ಆರಂಭಿಸಿ 28 ದಿನ ನುಂಗಬೇಕು. ಆ ಮಾತ್ರೆ ತಂಡದ ಪೆಟ್ಟಿಗೆಯಲ್ಲಿದೆಯೇ ಎಂದು ಹೊರಡುವ ಮೊದಲೇ ಕೇಳಿ. ಅರಿವಳಿಕೆಗೂ ನೋವು ತಗ್ಗಿಸಲೂ ಬಳಸುವ ಕೆಟಮಿನ್, ಮಾರ್ಫಿನ್, ಫೆಂಟನಿಲ್‌ಗಳನ್ನು ಮಾತ್ರ ಯಾರು ಹೇಳಿದರೂ ನಿಮ್ಮ ಬ್ಯಾಗಿನಲ್ಲಿ ಒಯ್ಯಬೇಡಿ. ಅವು ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ.

ಅಲ್ಲಿ ತಲುಪಿದ ಮೊದಲ ದಿನ ಶಸ್ತ್ರಚಿಕಿತ್ಸೆಗೆ ಕೈ ಹಾಕದೆ ಆಮ್ಲಜನಕ, ಜನರೇಟರ್, ಉಪಕರಣಗಳನ್ನು ಹಬೆಯಿಂದ ಶುದ್ಧಗೊಳಿಸುವ ಆಟೋಕ್ಲೇವ್, ರಕ್ತದ ಲಭ್ಯತೆಗಳನ್ನು ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಸುರಕ್ಷತಾ ಪಟ್ಟಿಯನ್ನು ಅರಿವಳಿಕೆಗೆ ಮೊದಲು, ಚರ್ಮ ಕತ್ತರಿಸುವ ಮೊದಲು, ರೋಗಿ ಥಿಯೇಟರ್ ಬಿಡುವ ಮೊದಲು ಗಟ್ಟಿಯಾಗಿ ಓದಿ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಅಳವಡಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು.

ಶಸ್ತ್ರಚಿಕಿತ್ಸೆಗೆ ರೋಗಿಯ ಒಪ್ಪಿಗೆ ಪಡೆಯುವ ಕೆಲಸದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲವಿದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬರುವ ಅಜ್ಜಿಗೆ ಕನ್ನಡದಲ್ಲಿ ಹೇಳಿದ್ದನ್ನು ಮತ್ತೆ ತೆಲುಗಿನಲ್ಲಿ ಹೇಳಿ, "ಈಗ ನೀವೇ ಹೇಳಿ ಅಜ್ಜಿ, ಏನು ಮಾಡುತ್ತೇವೆ?" ಎಂದು ಕೇಳುವುದು ನಮಗೆ ರೂಢಿಯಾಗಿದೆ. ಅಲ್ಲಿಯೂ ದುಭಾಷಿಯ ಮೂಲಕ ಹಾಗೆಯೇ ಕೇಳಿ. ತಾಯಿ ತನ್ನ ಮಾತಿನಲ್ಲಿ ತಿರುಗಿ ಹೇಳುವವರೆಗೂ ಹೆಬ್ಬೆಟ್ಟು ಒತ್ತಿಸಬೇಡಿ. ಮಕ್ಕಳ ಫೋಟೊಕ್ಕೆ ಬೇರೆಯೇ ಒಪ್ಪಿಗೆ ಬೇಕು.

ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಮೊದಲ ದಿನಗಳಲ್ಲೇ ಮುಗಿಸಿ, ಕೊನೆಯ ಎರಡು ದಿನಗಳನ್ನು ಡ್ರೆಸ್ಸಿಂಗ್ ಮತ್ತು ಹಸ್ತಾಂತರಕ್ಕೆ ಬಿಡಿ. ನನ್ನ ಎರಡನೆಯ ಪ್ರವಾಸದಲ್ಲಿ ಪ್ರತಿ ರೋಗಿಗೂ ಒಂದು ಪುಟದಂತೆ ನೋಟ್‌ಬುಕ್ ಬರೆದು, ಹೊಲಿಗೆ ಬಿಚ್ಚುವ ದಿನ, ಕೊಟ್ಟ ಔಷಧ, ಯಾವ ಲಕ್ಷಣ ಕಂಡರೆ ಯಾರಿಗೆ ಹೇಳಬೇಕು ಎಂಬುದನ್ನು ಅಲ್ಲಿನ ಶುಶ್ರೂಷಕಿಯೊಡನೆ ಕುಳಿತು ಓದಿದೆವು. ಮರಳಿದ ಮೇಲೆ ಆರು ವಾರ, ಪ್ರತಿ ಭಾನುವಾರ ಸಂಜೆ, ಆ ನೋಟ್‌ಬುಕ್ಕಿನ ಪ್ರತಿಯನ್ನು ಮುಂದಿಟ್ಟುಕೊಂಡು ಅವಳಿಗೆ ಫೋನ್ ಮಾಡುತ್ತಿದ್ದೆ. ಒಂದೊಂದು ಹೆಸರಿನ ಮುಂದೆ ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ.