ಆಧಾರ್ ಹೆಬ್ಬೆಟ್ಟಿಗೆ ಲಾಕ್ ಹಾಕೋದು ಹೆಂಗೆ?

ದಾವಣಗೆರೆ ವಿದ್ಯಾನಗರದ ಯಾವ ಜೆರಾಕ್ಸ್ ಅಂಗಡಿಗಾದ್ರೂ ಹೋಗಿ ನೋಡ್ರಿ, ಪಿಜಿ ಸೇರೋ ಹುಡುಗರು, ಬಾಡಿಗೆ ಮನೆ ಹುಡುಕೋರು ಎಲ್ರೂ ಆಧಾರ್ ಫೈಲನ್ನ ಅಂಗಡಿಯವರ ವಾಟ್ಸಾಪ್‌ಗೆ ಕಳಿಸಿ, ಪ್ರಿಂಟ್ ತಗೊಂಡು ಹೋಗ್ತಾರೆ, 12 ಅಂಕಿ ಪೂರ್ತಿ ಕಾಣೋ ಫೈಲು ಅಲ್ಲೇ ಉಳೀತೈತೆ. ಆ ನಂಬರ್, ಬ್ಯಾಂಕ್ ಹೆಸರು, ಹೆಬ್ಬೆಟ್ಟಿನ ನಕಲು ಸಿಕ್ಕರೆ ಒಟಿಪಿ ಇಲ್ದೇನೇ ಎಇಪಿಎಸ್‌ನಲ್ಲಿ, ಅಂದ್ರೆ ಆಧಾರ್ ನಂಬರ್ ಕೊಟ್ಟು ಹೆಬ್ಬೆಟ್ಟು ಒತ್ತಿ ಖಾತೆಯಿಂದ ದುಡ್ಡು ತೆಗೆಯೋ ವ್ಯವಸ್ಥೇಲಿ, ದುಡ್ಡು ಎತ್ತಬಹುದು. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಹಿಂಗೇ ದುಡ್ಡು ಹೋಗಿತ್ತು.

ಮೊದಲು ಆಧಾರ್‌ಗೆ ನಿಮ್ಮ ಈಗಿನ ಮೊಬೈಲ್ ನಂಬರ್ ಲಿಂಕ್ ಇರ್ಬೇಕು, ಇಲ್ದಿದ್ರೆ ಆಧಾರ್ ಸೆಂಟರ್‌ಗೆ ಹೋಗಿ ಮಾಡಿಸ್ರಿ.

ಆಮೇಲೆ ಮೈಆಧಾರ್ ಸೈಟ್‌ಗೆ ಒಟಿಪಿ ಹಾಕಿ ಲಾಗಿನ್ ಆಗ್ರಿ. ವಿಳಾಸದ ಕೊನೆಗೆ ಯುಐಡಿಎಐ ಡಾಟ್ ಜಿಒವಿ ಡಾಟ್ ಇನ್ ಅಂತ ಇರ್ಲೇಬೇಕು. ಸಿಕ್ಕಸಿಕ್ಕ ಆಧಾರ್ ಆ್ಯಪ್ ಹಾಕ್ಕೋಬೇಡ್ರಿ.

ಡೌನ್‌ಲೋಡ್ ಮಾಡುವಾಗ ‘ಮಾಸ್ಕ್ಡ್ ಆಧಾರ್’ ಅನ್ನೋ ಕಡೆ ಟಿಕ್ ಹಾಕ್ರಿ, ಕೊನೆಯ 4 ಅಂಕಿ ಮಾತ್ರ ಕಾಣ್ತವೆ. ಪಿಡಿಎಫ್ ಪಾಸ್‌ವರ್ಡ್ ಹತ್ರ ಬಹಳ ಜನ ಸಿಕ್ಕಾಕ್ಕೊಂತಾರೆ, ಒಟಿಪಿ ಹಾಕ್ತಾರೆ, ಮೊಬೈಲ್ ನಂಬರ್ ಹಾಕ್ತಾರೆ, ಕೊನೆಗೆ ಅಂಗಡಿಯವರ ಕೈಗೆ ಫೋನೇ ಕೊಟ್ಬಿಡ್ತಾರೆ. ಆಧಾರ್‌ನಲ್ಲಿರೋ ಇಂಗ್ಲಿಷ್ ಹೆಸರಿನ ಮೊದಲ 4 ಅಕ್ಷರ ಕ್ಯಾಪಿಟಲ್‌ನಲ್ಲಿ, ಜೊತೆಗೆ ಹುಟ್ಟಿದ ವರ್ಷ, ಅಷ್ಟೇ. ಮಂಜುನಾಥ, 1988 ಅಂದ್ರೆ ಎಂ, ಎ, ಎನ್, ಜೆ ಹೊಡೆದು 1988. ಹೆಸರಿನ ಮುಂದೆ ಇನಿಷಿಯಲ್ ಇದ್ರೆ ಅದೂ ಲೆಕ್ಕಕ್ಕೆ ಬರುತ್ತೆ, ಚುಕ್ಕೆ ಇದ್ರೆ ಚುಕ್ಕೇನೂ ಬರುತ್ತೆ, ಖಾಲಿ ಜಾಗ ಮಾತ್ರ ಬರಲ್ಲ.

ಅದೇ ಸೈಟ್‌ನಲ್ಲಿ ‘ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್’ ಒತ್ತಿ ಲಾಕ್ ಮಾಡ್ರಿ. ಬೆರಳು, ಕಣ್ಣು, ಮುಖ ಮೂರೂ ಬಂದ್, ಒಟಿಪಿ ಕೆಲಸ ಎಂದಿನಂಗೆ ನಡೀತದೆ. ರೇಷನ್ ಅಂಗಡೀಲಿ ಹೆಬ್ಬೆಟ್ಟು ತಗೊಳ್ಳಲಿಲ್ಲ ಅಂತ ಸಿಟ್ಟಾಗಿ ಲಾಕನ್ನೇ ಪೂರ್ತಿ ತೆಗೆಸೋರು ಇದಾರೆ, ಹಂಗೆ ಮಾಡ್ಬೇಡ್ರಿ. ತಾತ್ಕಾಲಿಕ ಅನ್‌ಲಾಕ್ ಐತೆ, 10 ನಿಮಿಷ ಆದ್ಮೇಲೆ ತಾನೇ ಲಾಕ್ ಆಗುತ್ತೆ, ಕ್ಯೂನಲ್ಲಿ ನಿಮ್ಮ ಸರದಿ ಹತ್ರ ಬಂದಾಗ ಒತ್ರಿ. ಮನೇಲಿ ವಯಸ್ಸಾದೋರು ಒಬ್ರೇ ರೇಷನ್ ತರೋಕೆ ಹೋಗ್ತಾರೆ ಅಂದ್ರೆ ನೀವು ಮನೇಲಿದ್ದೇ ಅವರ ಫೋನಿಗೆ ಬಂದ ಒಟಿಪಿ ಕೇಳ್ಕೊಂಡು ಮಾಡ್ಕೊಡಬಹುದು, ಆದ್ರೆ ಬೇರೆ ಯಾರು ಫೋನ್ ಮಾಡಿ ಕೇಳಿದ್ರೂ ಹೇಳ್ಬೇಡಿ ಅಂತ ಅವರಿಗೆ ಬಿಡಿಸಿ ಹೇಳ್ರಿ.

ರೂಮಿಗೆ ಮಾಸ್ಕ್ಡ್ ಪ್ರತಿ ಸಾಕು, ಬೇಡ ಅಂದ್ರೆ ವೋಟರ್ ಐಡಿ ಕೊಡ್ರಿ. ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆ ಆಗೈತೆ ಅಂತ ‘ಅಥೆಂಟಿಕೇಶನ್ ಹಿಸ್ಟರಿ’ಯಲ್ಲಿ 6 ತಿಂಗಳದ್ದು ಸಿಗುತ್ತೆ, ಆಗಾಗ ನೋಡ್ತಿರಿ. ಗೊತ್ತಿಲ್ಲದ್ದು ಕಂಡ್ರೆ ಆಧಾರ್ ಸಹಾಯವಾಣಿ 1947ಕ್ಕೆ, ದುಡ್ಡೇ ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಬರೆದು ಕೊಡ್ರಿ.