ಆರ್ಸೆನಿಕ್ ಮಣ್ಣಿಗೆ ಕುಲಾಂತರಿ ಸಾಸಿವೆ: ನನ್ನ ಅನುಭವ

ಮಣ್ಣಿನ ಆರ್ಸೆನಿಕ್ ವಿಷವನ್ನು ಹೀರಿ ಎಲೆಗೇರಿಸೋ ಸಾಸಿವೆ ಮಾಡಲು, ಅದಕ್ಕೆ ಹೊರಗಿನ ಎರಡು ಜೀನ್ ಸೇರಿಸಿದ್ದೆ. "ಅಗರ್ ಪ್ಲೇಟಲ್ಲಿ (ಲ್ಯಾಬಿನ ಜೆಲ್ಲಿ ತಟ್ಟೆಯಲ್ಲಿ) ಎಲ್ಲವೂ ಬದುಕುತ್ತೆ, ಮಣ್ಣಿಗೆ ಹಾಕಿ ನೋಡಿ" ಅಂತ ಜೊತೆಯವರೇ ಹೇಳಿದ್ದರು. ಹಾಕಿದೆ. ಗಿಡ ಬದುಕಿತು, ಎಲೆಗೆ ಆರ್ಸೆನಿಕ್ಕೂ ಏರಿತು.

ಎರಡು ಜೀನ್‌ಗಳ ಉಪಾಯ ನನ್ನದಲ್ಲ. 2002ರಲ್ಲೇ ಧನಕರ್, ಮೀಗರ್ ಎಂಬ ವಿಜ್ಞಾನಿಗಳ ತಂಡ ಅರಬಿಡಾಪ್ಸಿಸ್ ಎಂಬ ಲ್ಯಾಬಿನ ಪುಟ್ಟ ಗಿಡದಲ್ಲಿ ಮಾಡಿ ತೋರಿಸಿತ್ತು: ಇ. ಕೋಲೈ ಬ್ಯಾಕ್ಟೀರಿಯಾದ ಆರ್ಸ್‌ಸಿ ಜೀನ್ (ಆರ್ಸೆನಿಕ್ಕಿನ ಒಂದು ರೂಪ ಆರ್ಸೆನೇಟನ್ನು ಇನ್ನೊಂದು ರೂಪ ಆರ್ಸೆನೈಟ್ ಮಾಡುತ್ತೆ) ಎಲೆಯಲ್ಲಿ, ಗಾಮಾ-ಇಸಿಎಸ್ ಜೀನ್ (ಆರ್ಸೆನಿಕ್ ಕಟ್ಟಿಹಾಕುವ ಥಯಾಲ್ ಎಂಬ ಗಂಧಕದ ಅಣುಗಳನ್ನು ಹೆಚ್ಚಿಸುತ್ತೆ) ಗಿಡದ ತುಂಬ. ಆದರೆ ಅಷ್ಟು ಪುಟ್ಟ ಗಿಡದಿಂದ ಮಣ್ಣು ಶುದ್ಧವಾಗುತ್ತಾ? ಅದಕ್ಕೇ ಸಾಸಿವೆ ಹಿಡಿದೆ.

ಆರ್ಸ್‌ಸಿ ಒಂದೇ ಇದ್ದ ಲೈನ್‌ಗಳು (ತಳಿಗಳು) ಕೈಕೊಟ್ಟವು. ಎಲೆಯ ಅಂಚು ಕಂದಾಗಿ ಸುರುಟಿಕೊಂಡು, ಮಾಮೂಲಿ ಸಾಸಿವೆಗಿಂತ ಮೊದಲೇ ಸತ್ತವು. ಆರ್ಸೆನೇಟ್ ಆರ್ಸೆನೈಟ್ ಆಗುತ್ತೆ, ಅದನ್ನು ಕಟ್ಟಿಹಾಕಲು ಥಯಾಲ್ ಸಾಲದು, ವಿಷ ಜಾಸ್ತಿಯೇ ಆಗುತ್ತೆ. ಗಾಮಾ-ಇಸಿಎಸ್ ಲೈನ್ ಜೊತೆ ಕ್ರಾಸ್ ಮಾಡಿದ ಮೇಲೆ ಗಿಡಗಳು ನಳನಳಿಸಿದವು.

ದುಡ್ಡು ತಿಂದಿದ್ದು ಟಿಶ್ಯೂ ಕಲ್ಚರ್ ಅಲ್ಲ, ಎಲೆಯ ಆರ್ಸೆನಿಕ್ ಅಳೆಯುವ ಐಸಿಪಿ-ಎಂಎಸ್ ಪರೀಕ್ಷೆ. ಅನುದಾನದಲ್ಲಿ ಹೆಚ್ಚುಕಮ್ಮಿ ಅರ್ಧ ಅದಕ್ಕೇ ಹೋಯಿತು. ಒಂದು ಬ್ಯಾಚ್ ಪೂರ್ತಿ ದಂಡ. ಎಲೆಯ ಅಡಿಭಾಗದ ರೋಮಗಳಲ್ಲಿ ಸಿಕ್ಕಿಕೊಂಡಿದ್ದ ಧೂಳೇ ರೀಡಿಂಗ್ ಏರಿಸಿಬಿಟ್ಟಿತ್ತು. ಈಗ ಮೊದಲು ನೀರು, ಆಮೇಲೆ ತೆಳು ಆ್ಯಸಿಡ್, ಕೊನೆಗೆ ಡಿಅಯನೈಸ್ಡ್ (ಲವಣ ತೆಗೆದ) ನೀರಲ್ಲಿ ತೊಳೆಯದೆ ಒಂದು ಎಲೆಯನ್ನೂ ಒಣಗಿಸುವುದಿಲ್ಲ.

ನಾವೇ ಆರ್ಸೆನಿಕ್ ಬೆರೆಸಿದ ಕುಂಡ ಸುಲಭ. ಹಳೇ ಕೊಳಕು ಮಣ್ಣಲ್ಲಿ ಅದು ಕಬ್ಬಿಣದ ಆಕ್ಸೈಡಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. ಫಾಸ್ಫೇಟ್ ಕೊಟ್ಟರೆ ಬಿಡುತ್ತೆ. ಆದರೆ ಬೇರಿನೊಳಗೆ ಹೋಗೋಕೆ ಎರಡಕ್ಕೂ ಒಂದೇ ಬಾಗಿಲು, ಫಾಸ್ಫೇಟ್ ಜಾಸ್ತಿಯಾದರೆ ಆರ್ಸೆನೇಟ್ ಹೊರಗೇ ಉಳಿಯುತ್ತೆ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅನ್ನೋದರಲ್ಲೇ ಗುಟ್ಟಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದು ಕೂಡಿಬಂದ ಮೇಲೆ ಎಲೆಯಲ್ಲಿ ಮಾಮೂಲಿ ಸಾಸಿವೆಯ ಎರಡು ಪಟ್ಟಿನಷ್ಟು ಆರ್ಸೆನಿಕ್ ಸಿಕ್ಕಿತು. ಗಿಡದ ತೂಕವೂ ಹೆಚ್ಚಿದ್ದರಿಂದ ಕುಂಡದ ಲೆಕ್ಕದಲ್ಲಿ ಐದಾರು ಪಟ್ಟು. ಈ ಅಂಕಿ ನೋಡಿದ ಮೇಲೆ ಜೊತೆಯವರೇ ಬೀಜ ಕೇಳಿಕೊಂಡು ಬಂದರು!

ಮಧ್ಯೆ ಸುಮ್ನೆ ಕುತೂಹಲಕ್ಕೆ ಟೆರಿಸ್ ವಿಟ್ಟಾಟಾ ಜರಿಗಿಡವನ್ನೂ ಪಕ್ಕದಲ್ಲಿಟ್ಟೆ. ಯಾವ ಜೀನೂ ಹಾಕದೆ, ಒಂದು ಗ್ರಾಂ ಎಲೆಯಲ್ಲಿ ಅದು ಹಿಡಿಯುವಷ್ಟು ನನ್ನ ಸಾಸಿವೆ ಹಿಡಿಯಲ್ಲ. ನಿಜಕ್ಕೂ ಅದ್ಭುತ ಗಿಡ. ಆದರೆ ನಿಧಾನಕ್ಕೆ ಬೇರೂರುತ್ತೆ, ಕಡು ಚಳಿ ತಡೆಯಲ್ಲ. ಸಾಸಿವೆ ಹಾಗಲ್ಲ, ಕೊಯ್ದು ಮತ್ತೆ ಬಿತ್ತಬಹುದು.

ಹೂವು ಬಿಡುವ ಮುಂಚೆಯೇ ಮೊಗ್ಗು ಚಿವುಟಲೇಬೇಕು. ಸಾಸಿವೆಯ ಪರಾಗ ನಂಟರನ್ನು ಹುಡುಕಿಕೊಂಡು ಹೋಗುತ್ತೆ, ಇದರಲ್ಲಿ ರಾಜಿ ಬೇಡ. ಕೊಯ್ದ ಸೊಪ್ಪು ವಿಷದ ಕಸ, ಮುಚ್ಚಿದ ಚೀಲದಲ್ಲೇ ಹೋಗಬೇಕು. ಆ ಖರ್ಚನ್ನು ಬಜೆಟ್‌ನಲ್ಲಿ ಮೊದಲೇ ಸೇರಿಸಿ.

ಈಗಲೂ ಅರ್ಧಕ್ಕಿಂತ ಜಾಸ್ತಿ ಆರ್ಸೆನಿಕ್ ಬೇರಲ್ಲೇ ನಿಲ್ಲುತ್ತಿದೆ. ಬೇರಿನ ಸ್ವಂತ ರಿಡಕ್ಟೇಸ್ ಕಿಣ್ವ ಆರ್ಸೆನೇಟನ್ನು ಅಲ್ಲೇ ಆರ್ಸೆನೈಟ್ ಮಾಡಿ ಹಿಡಿದಿಡುತ್ತೆ; ಅದನ್ನು ತಗ್ಗಿಸಿದ ಲೈನ್‌ಗಳು ಆಗಲೇ ಕಲ್ಚರ್ ಬಾಟಲಿಯಲ್ಲಿವೆ.