ಹಳೇ ಯುದ್ಧದ ತರಬೇತಿ ಕಂದಕ ಹುಡುಕೋದು ಹೇಗೆ

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಊರಿನ ಪಶ್ಚಿಮಕ್ಕೆ ರೆಡ್‌ಮೈರ್ಸ್ ಅಂತ ಒಂದು ಜಾಗವಿದೆ. ಮೂರು ಜಲಾಶಯ, ಒಂದು ತೋಪು, ಮಿಕ್ಕಿದ್ದೆಲ್ಲ ಗಾಳಿ. ಮೊದಲ ಮಹಾಯುದ್ಧ ಶುರುವಾದ 1914ರ ಡಿಸೆಂಬರ್‌ನಲ್ಲಿ ಶೆಫೀಲ್ಡ್ ಸಿಟಿ ಬೆಟಾಲಿಯನ್ ಅನ್ನೋ ಸೇನಾಪಡೆ ತರಬೇತಿಗೆ ಬಂದಿದ್ದು ಇಲ್ಲಿಗೇ. ಗುಮಾಸ್ತರು, ಮೇಷ್ಟ್ರುಗಳು, ಕಾಲೇಜು ಹುಡುಗರು. 1916ರ ಜುಲೈ 1ರಂದು ಫ್ರಾನ್ಸಿನ ಸೆರ್ ಹಳ್ಳಿಯ ಮುಂದೆ ಆ ಪಡೆಯ 500ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು, ಇಲ್ಲವೇ ಕಾಣೆಯಾದರು. ಸೈನಿಕರು ಅಭ್ಯಾಸಕ್ಕೆಂದು ತೋಡಿದ ಆ ಕಾಲದ ತರಬೇತಿ ಕಂದಕಗಳ ಗುರುತು ಇಲ್ಲಿ ಇನ್ನೂ ಉಳಿದಿದೆ. ಆದರೆ ವಾಕಿಂಗ್ ಬರುವವರು ಸುಮ್ನೆ ದಾಟಿಕೊಂಡು ಹೋಗುತ್ತಾರೆ.

ಇಂಥ ಜಾಗಗಳು ಬ್ರಿಟನ್ನಿನಲ್ಲಿ ಬೇಕಾದಷ್ಟಿವೆ. ಹುಡುಕಾಟ ಮನೆಯಲ್ಲೇ ಶುರುವಾಗಲಿ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡಿನ ನಕ್ಷೆ ವೆಬ್‌ಸೈಟಿನಲ್ಲಿ ಎರಡು ನಕ್ಷೆ ಅಕ್ಕಪಕ್ಕ ಇಟ್ಟು ನೋಡಬಹುದು, ದುಡ್ಡು ಕೊಡಬೇಕಿಲ್ಲ. ಒಂದು ಕಡೆ ಹಳೇ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆ, ಇನ್ನೊಂದು ಕಡೆ ಲೈಡಾರ್ ಹಾಕಿ. ಲೈಡಾರ್ ಅಂದರೆ ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ ಚಿತ್ರ. ಅದರಲ್ಲಿ ಡಿಟಿಎಂ ಅನ್ನೋದನ್ನೇ ಆರಿಸಿ. ಅದು ಮರಗಿಡ ತೆಗೆದುಹಾಕಿ ಬರೀ ನೆಲ ತೋರಿಸುತ್ತದೆ. ಡಿಎಸ್‌ಎಂ ಹಾಕಿದರೆ ತೋಪಿನ ತಲೆ ಬಿಟ್ಟು ಬೇರೇನೂ ಕಾಣಲ್ಲ.

ಈಗ ಆಕಾರ ನೋಡಿ. ಬಯಲಲ್ಲಿ ನೇರವಾಗಿ, ಸಮಾನ ದೂರದಲ್ಲಿ ಸಾಗುವ ಗೆರೆಗಳಿದ್ದರೆ ಹೆಚ್ಚಿನ ಪಾಲು ಬಸಿಗಾಲುವೆ. ಅಡ್ಡಾದಿಡ್ಡಿ ಹಳ್ಳಗಳಾದರೆ ಕಲ್ಲು ತೆಗೆದ ಕ್ವಾರಿ ಇರಬಹುದು. ಕಂದಕದ ಮುಂಚೂಣಿ ಸಾಲು ಮಾತ್ರ ಕೋಟೆಗೋಡೆಯ ತೆನೆಯ ಹಾಗೆ ಮುಂದೆ, ಹಿಂದೆ, ಮುಂದೆ, ಹಿಂದೆ ಹೋಗುತ್ತದೆ. ಫಿರಂಗಿಯ ಶೆಲ್ ಒಳಗೇ ಬಿದ್ದರೂ ಅದರ ಹೊಡೆತ ಒಂದು ಮೂಲೆಯಾಚೆ ದಾಟಬಾರದು, ಶತ್ರು ತುದಿಯಲ್ಲಿ ನಿಂತು ಉದ್ದಕ್ಕೂ ಗುಂಡು ಹಾರಿಸಬಾರದು. ಅದಕ್ಕೇ ಈ ತಿರುವುಗಳು. ಹಿಂದಿನಿಂದ ಬಂದು ಸೇರುವ ಅಂಕುಡೊಂಕು ಗೆರೆಯೂ ಸಿಕ್ಕಿದರೆ, ಅದು ಓಡಾಟದ ಕಂದಕ. ಆಗ ಅನುಮಾನ ಬಹುತೇಕ ಮುಗಿಯಿತು.

ಹೋಗುವುದಾದರೆ ಚಳಿಗಾಲದಲ್ಲೇ ಹೋಗಿ. ಬೇಸಿಗೆಯಲ್ಲಿ ಎದೆಮಟ್ಟ ಬೆಳೆಯುವ ಜರೀಗಿಡ ಆಗ ಒಣಗಿ ಮಲಗಿರುತ್ತದೆ. ಬೆಳಗ್ಗೆ ಇಲ್ಲವೇ ಸಂಜೆ ಓರೆ ಬಿಸಿಲಿಗೆ ಸಣ್ಣ ತಗ್ಗೂ ನೆರಳು ಚೆಲ್ಲುತ್ತದೆ. ಆಳಿನೆತ್ತರ ಇದ್ದ ಕಂದಕ ಈಗ ಮೊಣಕಾಲುದ್ದವೂ ಇರಲಿಕ್ಕಿಲ್ಲ. ಅದರ ತಳದಲ್ಲಿ ನೀರು ನಿಂತು ಜೊಂಡು ಬೆಳೆದಿರುತ್ತದೆ. ಒಣಹುಲ್ಲಿನ ನಡುವೆ ಆ ಹಸಿರು ಪಟ್ಟಿ ತಿರುವು ತಿರುವಾಗಿ ಹೋಗೋದು ಕಂಡರೆ ಅದನ್ನೇ ಹಿಡಿದು ನಡೆಯಿರಿ. ಬೂಟು ಒದ್ದೆಯಾಗುತ್ತದೆ, ಬಿಡಿ. "ಗುಂಡಿ ನೋಡೋಕೆ ಇಲ್ಲಿಗ್ಯಾಕೆ ಬರ್ಬೇಕಿತ್ತು, ಬೆಂಗಳೂರಲ್ಲೇ ಇರ್ಬಹುದಿತ್ತಲ್ವಾ?" ಅಂತಾಳೆ ನನ್ನವಳು.

ಅಗೆಯಬೇಡಿ. ಮೆಟಲ್ ಡಿಟೆಕ್ಟರ್ ಮನೆಯಲ್ಲೇ ಇರಲಿ. ಸಂರಕ್ಷಿತ ಸ್ಮಾರಕವಾಗಿದ್ದರೆ ಅನುಮತಿ ಇಲ್ಲದೆ ಅದನ್ನು ಬಳಸುವುದೇ ಅಪರಾಧ. ಶೆಲ್ ಥರದ ವಸ್ತು ಕಂಡರೆ ಮುಟ್ಟದೆ ದೂರ ಸರಿದು ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ. ನಾಯಿ ಜೊತೆಗಿದ್ದರೆ ಮಾರ್ಚ್‌ನಿಂದ ಜುಲೈವರೆಗೆ ಹಗ್ಗ ಬಿಚ್ಚುವಂತಿಲ್ಲ, ನೆಲದಲ್ಲಿ ಹಕ್ಕಿಗಳು ಗೂಡು ಮಾಡಿರುತ್ತವೆ.

ವಾಪಸ್ ಬಂದಮೇಲೆ ಇಂಗ್ಲೆಂಡಿನ ಚಾರಿತ್ರಿಕ ಜಾಗಗಳ ದಾಖಲೆ ಹುಡುಕುವ ಹೆರಿಟೇಜ್ ಗೇಟ್‌ವೇ ವೆಬ್‌ಸೈಟಿನಲ್ಲಿ ಆ ಜಾಗ ದಾಖಲಾಗಿದೆಯಾ ನೋಡಿ. ಇಲ್ಲದಿದ್ದರೆ ನಕ್ಷೆಯಲ್ಲಿ ಜಾಗ ಗುರುತಿಸುವ ಗ್ರಿಡ್ ನಂಬರ್, ಲೈಡಾರ್ ಚಿತ್ರ, ಅಳತೆ ತಿಳಿಯಲು ಪಕ್ಕದಲ್ಲಿ ಊರುಗೋಲು ಇಟ್ಟು ತೆಗೆದ ಫೋಟೋ, ಮೂರನ್ನೂ ಇಂಥ ದಾಖಲೆ ಇಟ್ಟುಕೊಳ್ಳುವ ಆ ಜಿಲ್ಲೆಯ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ರೆಕಾರ್ಡ್ ಕಚೇರಿಗೆ ಇಮೇಲ್ ಮಾಡಿ.